ಹೈರೈಡರ್ ಹೈಬ್ರಿಡ್ಡೋ, ಕ್ರೆಟಾ ಎಲೆಕ್ಟ್ರಿಕ್ಕೋ

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ ತಯಾರಾಗುವ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಎರಡೂ ಮೇಲ್ನೋಟಕ್ಕೆ ಒಂದೇ ಜಾತಿಯ ಕಾರುಗಳು. ಒಂದರ ಉದ್ದ 4365 ಮಿ.ಮೀ., ಇನ್ನೊಂದರದು 4340. ಐದು ಜನ ಕೂರಬಹುದಾದ, ನೆಲದಿಂದ ತುಸು ಎತ್ತರದಲ್ಲಿ ನಿಲ್ಲುವ, ಪೇಟೆಯ ಓಣಿಗೂ ಊರಿನ ಕಚ್ಚಾ ರಸ್ತೆಗೂ ಒಗ್ಗುವ ಪುಟ್ಟ ಎಸ್‌ಯುವಿಗಳು. ಹೈರೈಡರ್ 2022ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳ ಶೋರೂಂ ಬೆಲೆ 15.11 ಲಕ್ಷ ರೂಪಾಯಿಯಿಂದ 18.99 ಲಕ್ಷದವರೆಗೆ ಇತ್ತು. ಕ್ರೆಟಾ ಎಲೆಕ್ಟ್ರಿಕ್ 2025ರ ಜನವರಿಯಲ್ಲಿ ಬಂದಾಗ 17.99 ಲಕ್ಷದಿಂದ ಶುರುವಾಯಿತು. ಹತ್ತಿರ ಹತ್ತಿರದ ಬೆಲೆ, ಹೆಚ್ಚುಕಡಿಮೆ ಒಂದೇ ಅಳತೆ, ಎರಡರಲ್ಲೂ ವಿದ್ಯುತ್ ಮೋಟರು. ಹಾಗಾಗಿ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿ ಕಾರು ನೋಡುವ ಕುಟುಂಬಗಳು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವುದು ಸಹಜ. ಆದರೆ ಒಳಗಿನ ಯಂತ್ರದ ಲೆಕ್ಕದಲ್ಲಿ ಇವು ಎರಡು ಬೇರೆಬೇರೆ ದಾರಿಗಳು. ಯಾವ ದಾರಿ ಯಾರಿಗೆ ಹೊಂದುತ್ತದೆ ಎಂಬುದನ್ನು ಕಾರಿನ ಗುಣಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಎರಡೇ ಸಂಗತಿಗಳು: ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ.

ಮೊದಲು ಹೈಬ್ರಿಡ್ ಎಂದರೇನೆಂದು ಬಿಡಿಸಿ ನೋಡಬೇಕು, ಏಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿ. ಮಾರುಕಟ್ಟೆಯಲ್ಲಿ ಮೈಲ್ಡ್ ಹೈಬ್ರಿಡ್ ಎಂದು ಕರೆಸಿಕೊಳ್ಳುವ ಕಾರುಗಳಿವೆ. ಹೈರೈಡರ್‌ನಲ್ಲೂ ಅಂಥದ್ದೊಂದು ಮಾದರಿ ಉಂಟು. ಅದರಲ್ಲಿ ಪುಟ್ಟ ಮೋಟರು ಎಂಜಿನ್ನಿಗೆ ಅಲ್ಲಲ್ಲಿ ಕೈಜೋಡಿಸುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯುವುದಿಲ್ಲ. ಹೋಲಿಕೆಗೆ ನಿಲ್ಲುವುದು ಸ್ಟ್ರಾಂಗ್ ಹೈಬ್ರಿಡ್ ಮಾತ್ರ. ಅದರಲ್ಲಿ ಒಂದೂವರೆ ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇದೆ. ಅದರ ಶಕ್ತಿ 92 ಅಶ್ವಶಕ್ತಿ. ಜೊತೆಗೆ 80 ಅಶ್ವಶಕ್ತಿಯ ವಿದ್ಯುತ್ ಮೋಟರು. ಎರಡೂ ಒಟ್ಟಿಗೆ ದುಡಿದಾಗ ಸಿಗುವುದು ಸುಮಾರು 116. ಎರಡೂ ಅಂಕಿಗಳನ್ನು ಕೂಡಿಸಿದಷ್ಟು ಸಿಗುವುದಿಲ್ಲ, ಏಕೆಂದರೆ ಎರಡೂ ಒಂದೇ ಕ್ಷಣದಲ್ಲಿ ತಮ್ಮ ತುತ್ತತುದಿಯ ಶಕ್ತಿ ಕೊಡುವ ಸ್ಥಿತಿ ಬರುವುದೇ ಇಲ್ಲ.

ಈ ಎಂಜಿನ್ ಅಟ್ಕಿನ್ಸನ್ ಚಕ್ರದಲ್ಲಿ ಕೆಲಸ ಮಾಡುತ್ತದೆ. ಗಾಳಿ ಒಳಬರುವ ಕವಾಟವನ್ನು ತುಸು ತಡವಾಗಿ ಮುಚ್ಚುವುದರಿಂದ ಉರಿದ ಅನಿಲ ಹಿಗ್ಗಲು ಹೆಚ್ಚು ಅವಕಾಶ ಸಿಗುತ್ತದೆ, ಪೆಟ್ರೋಲಿನ ಶಾಖ ಹೊಗೆಕೊಳವೆಯಲ್ಲಿ ಪೋಲಾಗುವುದು ಕಡಿಮೆಯಾಗುತ್ತದೆ. ಬೆಲೆಯಾಗಿ ಎಂಜಿನ್ನಿನ ಎಳೆಯುವ ಬಲ ತಗ್ಗುತ್ತದೆ. ಆ ಕೊರತೆಯನ್ನು ತುಂಬುವುದೇ ಮೋಟರಿನ ಕೆಲಸ. ನಿಂತಲ್ಲಿಂದ ಹೊರಡುವಾಗ, ಸಿಗ್ನಲ್ಲಿನಲ್ಲಿ ತೆವಳುವಾಗ ಎಂಜಿನ್ ಪೂರ್ತಿ ಸುಮ್ಮನಿದ್ದು ಮೋಟರೇ ಎಳೆಯುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟರು ಸೈಕಲ್ಲಿನ ಡೈನಮೊದಂತೆ ತಿರುಗಿ ವಿದ್ಯುತ್ ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ಬ್ರೇಕಿನ ಬಿಸಿಯಾಗಿ ಆವಿಯಾಗಬೇಕಿದ್ದ ಶಕ್ತಿ ಮತ್ತೆ ಚಕ್ರಕ್ಕೆ ಮರಳುತ್ತದೆ. ಎಂಜಿನ್ನು, ಮೋಟರು, ಜನರೇಟರು ಮೂರನ್ನೂ ಹೊಂದಿಸುವುದು ಒಂದು ಗ್ರಹಚಕ್ರ ಗಿಯರು: ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ತಿರುಗುವ ಕೆಲವು ಪುಟ್ಟ ಚಕ್ರಗಳು, ಹೊರಗೆ ಒಂದು ಬಳೆ. ಸಾಮಾನ್ಯ ಆಟೊಮ್ಯಾಟಿಕ್ ಕಾರುಗಳಲ್ಲಿ ಸವೆಯುವ ಬೆಲ್ಟಾಗಲಿ ಕ್ಲಚ್ಚಾಗಲಿ ಇದರಲ್ಲಿಲ್ಲ. ಟೊಯೋಟಾ 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರನ್ನು ಬಿಟ್ಟಾಗಿನಿಂದ ಈ ವಿನ್ಯಾಸವನ್ನು ತಿದ್ದುತ್ತ ಬಂದಿದೆ. ಹಲವು ದೇಶಗಳ ಟ್ಯಾಕ್ಸಿಗಳಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಪಳಗಿದ ಯಂತ್ರ ಇದು. ಬಿಡದಿಗೂ ಇದು ಹೊಸದಲ್ಲ. ಕ್ಯಾಮ್ರಿ ಹೈಬ್ರಿಡ್ 2013ರಿಂದಲೇ ಅಲ್ಲಿ ಜೋಡಣೆಯಾಗುತ್ತಿತ್ತು.

ಹೈರೈಡರ್‌ನ ಹೈಬ್ರಿಡ್ ಬ್ಯಾಟರಿ ತೀರಾ ಚಿಕ್ಕದು. ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಅದರಲ್ಲಿ ಹಿಡಿಯುವುದು 0.76 ಯೂನಿಟ್. ಅದರ ಬಲದಲ್ಲಿ ಮಾತ್ರ ಓಡಿದರೆ ಒಂದೆರಡು ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಅದನ್ನು ಹೊರಗಿನಿಂದ ಚಾರ್ಜ್ ಮಾಡುವ ವ್ಯವಸ್ಥೆಯೂ ಇಲ್ಲ. ಅಂದರೆ ಕಾರಿಗೆ ಬೇಕಾದ ಶಕ್ತಿಯೆಲ್ಲ ಕೊನೆಗೂ ಪೆಟ್ರೋಲ್ ಬಂಕಿನಿಂದಲೇ ಬರಬೇಕು. ಹೈಬ್ರಿಡ್ ಎಂದರೆ ಪೆಟ್ರೋಲನ್ನು ಅತ್ಯಂತ ಜತನದಿಂದ ಬಳಸುವ ಪೆಟ್ರೋಲ್ ಕಾರು. ಹಾಗೆಂದು ತಿಳಿದು ಕೊಂಡವರಿಗೆ ನಿರಾಸೆಯಾಗುವುದಿಲ್ಲ.

ಕ್ರೆಟಾ ಎಲೆಕ್ಟ್ರಿಕ್‌ನ ಯಂತ್ರವನ್ನು ವಿವರಿಸಲು ಇಷ್ಟು ಮಾತು ಬೇಕಿಲ್ಲ. ನೆಲದಡಿಯಲ್ಲಿ ದೊಡ್ಡ ಬ್ಯಾಟರಿ, ಮುಂದಿನ ಚಕ್ರಗಳಿಗೆ ಒಂದು ಮೋಟರು. ಬ್ಯಾಟರಿ ಎರಡು ಅಳತೆಯಲ್ಲಿ ಸಿಗುತ್ತದೆ: 42 ಯೂನಿಟ್ ಮತ್ತು 51.4 ಯೂನಿಟ್. ಚಿಕ್ಕದಕ್ಕೆ 135 ಅಶ್ವಶಕ್ತಿಯ ಮೋಟರು, ದೊಡ್ಡದಕ್ಕೆ 171. ದೊಡ್ಡ ಬ್ಯಾಟರಿಯ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 7.9 ಸೆಕೆಂಡ್ ಸಾಕೆಂದು ಕಂಪನಿ ಹೇಳುತ್ತದೆ. ಹೈರೈಡರ್ ಹೈಬ್ರಿಡ್ಡಿಗೆ ಹನ್ನೊಂದು ಹನ್ನೆರಡು ಸೆಕೆಂಡಾದರೂ ಬೇಕು. ವೇಗದ ಹುಚ್ಚಿಲ್ಲದವರಿಗೂ ಈ ವ್ಯತ್ಯಾಸ ಒಂದು ಕಡೆ ಮುಖ್ಯವಾಗುತ್ತದೆ. ಎರಡು ಪಥದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರನ್ನೋ ಮರಳಿನ ಲಾರಿಯನ್ನೋ ಹಿಂದಿಕ್ಕುವಾಗ ಎದುರು ಪಥದಲ್ಲಿ ಕಳೆಯುವ ಸಮಯ ಕಡಿಮೆಯಾದಷ್ಟೂ ಒಳ್ಳೆಯದು.

ಕಂಪನಿಗಳು ಹೇಳುವ ಮೈಲೇಜಿನ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಹೈರೈಡರ್ ಹೈಬ್ರಿಡ್ಡಿಗೆ ಪ್ರಮಾಣೀಕೃತ ಅಂಕಿ ಲೀಟರಿಗೆ 27.97 ಕಿ.ಮೀ.; ಕ್ರೆಟಾ ಎಲೆಕ್ಟ್ರಿಕ್ ಮಾರುಕಟ್ಟೆಗೆ ಬಂದಾಗ ಅದರ ಎರಡು ಬ್ಯಾಟರಿಗಳಿಗೆ ಕ್ರಮವಾಗಿ 390 ಮತ್ತು 473 ಕಿ.ಮೀ. ಇವೆಲ್ಲ ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ಕಾರು ಓಡಿಸಿ ಪಡೆದ ಲೆಕ್ಕಗಳು. ಆ ಪರೀಕ್ಷೆಯಲ್ಲಿ ಸರಾಸರಿ ವೇಗ ತೀರಾ ಕಡಿಮೆ, ಎದುರುಗಾಳಿಯಿಲ್ಲ, ಏರುದಾರಿಯಿಲ್ಲ, ಎ.ಸಿ. ಇಲ್ಲ. ನಿಜವಾದ ರಸ್ತೆಯಲ್ಲಿ ಹೈರೈಡರ್ ಹೈಬ್ರಿಡ್ ಪೇಟೆಯೊಳಗೆ 20ರಿಂದ 22, ಹೆದ್ದಾರಿಯಲ್ಲಿ ವೇಗ ಹೆಚ್ಚಾದಂತೆ 18ರ ಆಸುಪಾಸು ಕೊಡುತ್ತದೆ ಎಂದಿಟ್ಟುಕೊಂಡರೆ ಮೋಸ ಹೋಗುವ ಸಂದರ್ಭ ಕಡಿಮೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿರುವುದರಿಂದ ಮೈಲೇಜು ಇನ್ನೂ ಸ್ವಲ್ಪ ತಗ್ಗುತ್ತದೆ. 51.4 ಯೂನಿಟ್ಟಿನ ಕ್ರೆಟಾ ಪೇಟೆಯಲ್ಲಿ 350 ಕಿ.ಮೀ. ದಾಟಬಲ್ಲದು, ಹೆದ್ದಾರಿಯಲ್ಲಿ ಗಂಟೆಗೆ ನೂರರಂತೆ ಓಡಿಸಿದರೆ 300ರಿಂದ 330 ಎಂದು ಯೋಜಿಸುವುದು ಕ್ಷೇಮ.

ಇಲ್ಲೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸಾಮಾನ್ಯ ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಹೆಚ್ಚು ಮೈಲೇಜು ಕೊಡುತ್ತದೆ, ಪೇಟೆಯ ಟ್ರಾಫಿಕ್ಕಿನಲ್ಲಿ ಸೊರಗುತ್ತದೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರು ಎರಡೂ ಇದಕ್ಕೆ ತದ್ವಿರುದ್ಧ. ನಿಂತು ಹೊರಡುವ, ಹೊರಟು ನಿಲ್ಲುವ ಓಟದಲ್ಲಿ ಪ್ರತಿ ಬ್ರೇಕೂ ಒಂದಿಷ್ಟು ವಿದ್ಯುತ್ ಹಿಂದಿರುಗಿಸುತ್ತದೆ. ಹೆದ್ದಾರಿಯಲ್ಲಿ ಬ್ರೇಕೇ ಇಲ್ಲ, ಗಾಳಿಯ ತಡೆಯೊಂದೇ ಇದೆ. ವೇಗ ಎರಡು ಪಟ್ಟಾದರೆ ಆ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗಿಜಿಗಿಜಿಯಲ್ಲಿ ದಿನವೂ ಸಿಲುಕುವವರಿಗೆ ಇವೆರಡೂ ಕಾರುಗಳು ತಮ್ಮ ಪೂರ್ತಿ ಬೆಲೆಯನ್ನು ಸಲ್ಲಿಸುತ್ತವೆ. ವಾರಕ್ಕೆರಡು ಬಾರಿ ಬೆಂಗಳೂರಿನಿಂದ ಮೈಸೂರಿಗೆ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಹೋಗಿಬರುವುದೇ ಮುಖ್ಯ ಓಡಾಟವಾದರೆ ಹೈಬ್ರಿಡ್ಡಿನ ಲಾಭ ಅರ್ಧಕ್ಕರ್ಧ ಕರಗುತ್ತದೆ.

ಖರ್ಚಿನ ಲೆಕ್ಕ ಹೀಗೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟು, ಹೈರೈಡರ್ 21 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಐದು ರೂಪಾಯಿಗೆ ಸ್ವಲ್ಪ ಕಡಿಮೆ. ಕ್ರೆಟಾ ಎಲೆಕ್ಟ್ರಿಕ್ ಒಂದು ಕಿಲೋಮೀಟರಿಗೆ ಬ್ಯಾಟರಿಯಿಂದ ಸುಮಾರು 0.15 ಯೂನಿಟ್ ಬಳಸುತ್ತದೆ; ಚಾರ್ಜ್ ಮಾಡುವಾಗಿನ ನಷ್ಟ ಸೇರಿಸಿದರೆ ಗೋಡೆಯ ಪ್ಲಗ್ಗಿನಿಂದ 0.165 ಯೂನಿಟ್. ಮನೆಯ ವಿದ್ಯುತ್ ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟರೆ ಕಿಲೋಮೀಟರಿಗೆ ಒಂದು ರೂಪಾಯಿ ಹದಿನೈದು ಪೈಸೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿದರೆ ವರ್ಷಕ್ಕೆ ಉಳಿಯುವುದು ಸುಮಾರು 45 ಸಾವಿರ ರೂಪಾಯಿ. ಆದರೆ ಅದೇ ಕಾರನ್ನು ಸಾರ್ವಜನಿಕ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ 22 ರೂಪಾಯಿ ಕೊಟ್ಟು ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಮೂರೂವರೆ ನಾಲ್ಕು ರೂಪಾಯಿ ಬೀಳುತ್ತದೆ. ಆಗ ಹೈಬ್ರಿಡ್ಡಿಗೂ ಇದಕ್ಕೂ ಇರುವ ಅಂತರ ಒಂದು ರೂಪಾಯಿಯಷ್ಟೇ. ಆ ಒಂದು ರೂಪಾಯಿಗಾಗಿ ಚಾರ್ಜರಿನ ಮುಂದೆ ಗಂಟೆಗಟ್ಟಲೆ ಕಾಯುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ. ಆದ್ದರಿಂದ ಸ್ವಂತ ಪಾರ್ಕಿಂಗ್ ಜಾಗದಲ್ಲಿ ಸ್ವಂತ ಪ್ಲಗ್ ಇಲ್ಲದವರು ವಿದ್ಯುತ್ ಕಾರು ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಾರುಗಳು ಮನೆಯ ಮುಂದಿನ ರಸ್ತೆಯಲ್ಲೇ ಮಲಗುತ್ತವೆ. ಅಪಾರ್ಟ್‌ಮೆಂಟುಗಳಲ್ಲಿ ನೆಲಮಾಳಿಗೆಯ ಪಾರ್ಕಿಂಗಿಗೆ ಕೇಬಲ್ ಎಳೆಯಲು ನಿವಾಸಿಗಳ ಸಂಘದ ಒಪ್ಪಿಗೆ ಬೇಕು, ಟ್ರಾನ್ಸ್‌ಫಾರ್ಮರಿನಲ್ಲಿ ಲೋಡ್ ಉಳಿದಿರಬೇಕು. ಕಾರಿಗೆ ಮುಂಗಡ ಕೊಡುವ ಮೊದಲೇ ಆ ಒಪ್ಪಿಗೆ ಬರವಣಿಗೆಯಲ್ಲಿ ಕೈಸೇರಿರಬೇಕು.

ಮನೆಯಲ್ಲಿ ಚಾರ್ಜ್ ಮಾಡುವುದು ಹಲವರು ಭಾವಿಸಿದಷ್ಟು ದೊಡ್ಡ ಏರ್ಪಾಡೇನಲ್ಲ. 16 ಆಂಪಿಯರಿನ ಒಳ್ಳೆಯ ಸಾಕೆಟ್ಟಿನಿಂದ ರಾತ್ರಿ ಹತ್ತು ಗಂಟೆ ಚಾರ್ಜ್ ಮಾಡಿದರೆ ಸುಮಾರು 30 ಯೂನಿಟ್ ತುಂಬುತ್ತದೆ. ಅದು 180 ಕಿಲೋಮೀಟರಿಗೂ ಮೇಲು. ದಿನಕ್ಕೆ ನಲವತ್ತು ಐವತ್ತು ಕಿ.ಮೀ. ಓಡುವವರಿಗೆ ವಾರಕ್ಕೆ ಎರಡು ರಾತ್ರಿ ಸಾಕು. 11 ಕಿಲೋವ್ಯಾಟ್ ಶಕ್ತಿಯ ಗೋಡೆ ಚಾರ್ಜರ್ ಹಾಕಿಸಿದರೆ ದೊಡ್ಡ ಬ್ಯಾಟರಿ ಐದು ಗಂಟೆಯೊಳಗೆ ತುಂಬುತ್ತದೆ, ಆದರೆ ಅದಕ್ಕೆ ಮೂರು ಫೇಸ್ ಸಂಪರ್ಕ ಮತ್ತು ಹೆಚ್ಚಿನ ಮಂಜೂರಾದ ಲೋಡ್ ಬೇಕು. ಹೆಚ್ಚಿನವರಿಗೆ ಅದರ ಅಗತ್ಯ ಬೀಳುವುದಿಲ್ಲ. ಅರ್ಥಿಂಗ್ ಮಾತ್ರ ಸರಿಯಿರಲೇಬೇಕು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿಹೋಗಿರುತ್ತದೆ, ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸ ನಿರಾಕರಿಸುತ್ತದೆ. ಅದು ಕಾರಿನ ದೋಷವಲ್ಲ, ಮನೆಯ ವೈರಿಂಗಿನ ದೋಷ. ಒಬ್ಬ ಪರಿಣತ ಎಲೆಕ್ಟ್ರಿಷಿಯನ್ನನ್ನು ಮೊದಲೇ ಕರೆಸಿ ಮೀಟರಿನಿಂದ ಸಾಕೆಟ್ಟಿನವರೆಗೆ ಬೇರೆ ತಂತಿ, ಬೇರೆ ಬ್ರೇಕರ್ ಹಾಕಿಸುವುದು ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು.

ಕರ್ನಾಟಕದ ಮನೆಗಳಿಗೆ ಇನ್ನೊಂದು ಲೆಕ್ಕವೂ ಇದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಮಿತಿಯೊಳಗೆ ವಿದ್ಯುತ್ ಉಚಿತ; ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು 165 ಯೂನಿಟ್ ಕುಡಿಯುತ್ತದೆ. ಈವರೆಗೆ 90 ಯೂನಿಟ್ ಬಳಸುತ್ತ ಶೂನ್ಯ ಬಿಲ್ ಪಡೆಯುತ್ತಿದ್ದ ಮನೆ ಕಾರು ಬಂದ ತಿಂಗಳೇ 250 ದಾಟುತ್ತದೆ, ಉಚಿತ ವಿದ್ಯುತ್ ಕೈತಪ್ಪುತ್ತದೆ. ಹೀಗೆ ಕಳೆದುಕೊಳ್ಳುವ ಸುಮಾರು ಸಾವಿರ ರೂಪಾಯಿಯನ್ನೂ ಕಾರಿನ ಖಾತೆಗೇ ಬರೆಯಬೇಕು. ಆಗ ಕಿಲೋಮೀಟರಿಗೆ ಎರಡು ರೂಪಾಯಿ ಚಿಲ್ಲರೆ ಆಗುತ್ತದೆ. ಆದರೂ ಹೈಬ್ರಿಡ್ಡಿನ ಅರ್ಧಕ್ಕಿಂತ ಕಡಿಮೆಯೇ. ಚಾರ್ಜಿಂಗಿಗೆಂದೇ ಬೇರೆ ಮೀಟರ್ ಪಡೆಯುವ ಬಗ್ಗೆ ಆಯಾ ವಿದ್ಯುತ್ ಕಂಪನಿಯ ಉಪವಿಭಾಗದಲ್ಲಿ ವಿಚಾರಿಸಿದರೆ ಇಂಥ ತೊಡಕು ತಪ್ಪಿಸಬಹುದು.

ತೆರಿಗೆಯ ವಿಷಯದಲ್ಲಿ ಎರಡೂ ಕಾರುಗಳ ನಡುವೆ ದೊಡ್ಡ ಕಂದಕವೇ ಇದೆ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ದರಗಳ ಪ್ರಕಾರ ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್ ಮತ್ತು ಹೈಬ್ರಿಡ್ ಕಾರುಗಳಿಗೆ ಶೇ. 40, ವಿದ್ಯುತ್ ಕಾರುಗಳಿಗೆ ಶೇ. 5. ಹೈರೈಡರ್ ಲೀಟರಿಗೆ ಎಷ್ಟು ಓಡಿದರೂ ತೆರಿಗೆಯ ಕಣ್ಣಿಗೆ ಅದೊಂದು ದೊಡ್ಡ ಪೆಟ್ರೋಲ್ ಕಾರು. ಇಂಧನ ಉಳಿಸುವ ಯಂತ್ರಕ್ಕೂ ಇಂಧನ ಕುಡಿಯುವ ಯಂತ್ರಕ್ಕೂ ಒಂದೇ ದರ ಇಟ್ಟಿರುವುದು ನ್ಯಾಯವೆನಿಸುವುದಿಲ್ಲ. ರಾಜ್ಯದ ಜೀವಾವಧಿ ತೆರಿಗೆಯೂ ಸಣ್ಣದಲ್ಲ. ಕರ್ನಾಟಕದಲ್ಲಿ ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ಶೇ. 17ರ ದರ, ಅದರ ಮೇಲೆ ಸೆಸ್. ಹದಿನೆಂಟು ಲಕ್ಷದ ಕಾರಿಗೆ ಮೂರು ಲಕ್ಷ ರೂಪಾಯಿಗೂ ಹೆಚ್ಚು. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನೇ ಬಿಟ್ಟುಕೊಟ್ಟಿತು. ಹೀಗಾಗಿ ಬಿಡದಿಯಲ್ಲಿ ತಯಾರಾದ ಕಾರು ಲಖನೌದಲ್ಲಿ ಅಗ್ಗವಾಗುವ ಸ್ಥಿತಿ ಬಂತು. ವಿದ್ಯುತ್ ಕಾರಿಗೆ ಕರ್ನಾಟಕ 2016ರಲ್ಲಿ ತೆರಿಗೆ ವಿನಾಯಿತಿ ಕೊಟ್ಟಿತ್ತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ರೂಪಿಸಿದ ರಾಜ್ಯವೂ ಇದೇ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲೇ ರಸ್ತೆಗಿಳಿದದ್ದು ಬೆಂಗಳೂರಿನಿಂದ. 2024ರಲ್ಲಿ 25 ಲಕ್ಷ ದಾಟಿದ ವಿದ್ಯುತ್ ಕಾರುಗಳಿಗೆ ಶೇ. 10ರ ಜೀವಾವಧಿ ತೆರಿಗೆ ಬಂತು. ಇಂಥ ರಿಯಾಯಿತಿಗಳನ್ನು ಸರ್ಕಾರಗಳು ಕಾಲಕಾಲಕ್ಕೆ ಬದಲಿಸುತ್ತಲೇ ಇರುತ್ತವೆ. ಆದ್ದರಿಂದ ಶೋರೂಂ ಬೆಲೆಗಳನ್ನು ಹೋಲಿಸುತ್ತ ಕೂರದೆ ಎರಡೂ ಕಾರುಗಳ ಆನ್‌ರೋಡ್ ಬೆಲೆಯ ಪತ್ರವನ್ನು ಒಂದೇ ವಾರದಲ್ಲಿ ಬರೆಸಿಕೊಂಡು ನೋಡಬೇಕು. ಶೋರೂಮಿನಲ್ಲಿ ಎರಡು ಮೂರು ಲಕ್ಷ ದುಬಾರಿ ಎನಿಸಿದ ವಿದ್ಯುತ್ ಕಾರು ತೆರಿಗೆ ವಿನಾಯಿತಿ ಪೂರ್ತಿ ಸಿಕ್ಕ ಸಂದರ್ಭದಲ್ಲಿ ರಸ್ತೆಗೆ ಬರುವಷ್ಟರಲ್ಲಿ ಹೈಬ್ರಿಡ್ಡಿನ ಬೆಲೆಗೇ ಇಳಿದಿರುತ್ತದೆ.

ದೂರದ ಪ್ರಯಾಣದಲ್ಲಿ ಹೈರೈಡರ್‌ಗೆ ಸಾಟಿಯಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ.; ಒಮ್ಮೆ ಟ್ಯಾಂಕ್ ತುಂಬಿಸಿದರೆ ಹೋಗಿ, ಮರುದಾರಿಯ ಬಹುಪಾಲು ಬಂದುಬಿಡಬಹುದು. ಕಲಬುರಗಿ, ಬೀದರಿನತ್ತ ಹೊರಟವರು ದಾರಿಯ ಬಗ್ಗೆ ಯೋಚಿಸುವುದೇ ಬೇಡ. ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಹುಬ್ಬಳ್ಳಿಗೆ ಹೋಗುವುದೂ ಕಷ್ಟವಲ್ಲ, ಆದರೆ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಒಮ್ಮೆ ನಿಲ್ಲಬೇಕು. ವೇಗದ ಚಾರ್ಜರಿನಲ್ಲಿ ಶೇ. 10ರಿಂದ 80ಕ್ಕೆ ಏರಲು 58 ನಿಮಿಷ ಎಂದು ಕಂಪನಿ ಹೇಳುತ್ತದೆ. ಅಷ್ಟರಲ್ಲಿ ತುಂಬುವುದು 36 ಯೂನಿಟ್, ಹೆದ್ದಾರಿಯ ಲೆಕ್ಕದಲ್ಲಿ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲು. ಈ ಅವಧಿ ಸಿಗುವುದು ಚಾರ್ಜರ್ 50 ಕಿಲೋವ್ಯಾಟ್ ಕೊಟ್ಟಾಗ ಮಾತ್ರ. 30 ಕಿಲೋವ್ಯಾಟಿನ ಯಂತ್ರದ ಮುಂದೆ ನಿಂತರೆ ಸಮಯ ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ, ಆದರೆ ಅವುಗಳಲ್ಲಿ ಬಹುಪಾಲು ಇರುವುದು ಬೆಂಗಳೂರಿನಲ್ಲಿ. ಜಿಲ್ಲಾ ಕೇಂದ್ರ ದಾಟಿ ಒಳನಾಡಿಗೆ ಹೋದಂತೆ ಚಾರ್ಜರ್ ವಿರಳ, ಇದ್ದರೂ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಖಾತರಿಯಿಲ್ಲ. ವಿದ್ಯುತ್ ಕಾರಿನಲ್ಲಿ ದೂರ ಹೋಗುವವರು ಮೊದಲ ಚಾರ್ಜರ್ ಕೆಟ್ಟಿದ್ದರೆ ಎರಡನೆಯದನ್ನು ತಲುಪುವಷ್ಟು ಚಾರ್ಜ್ ಉಳಿಸಿಕೊಂಡೇ ನಿಲ್ಲಬೇಕು.

ಘಾಟಿ ರಸ್ತೆಗಳಲ್ಲಿ ಎರಡೂ ಕಾರುಗಳ ಸ್ವಭಾವ ಸ್ಪಷ್ಟವಾಗಿ ಬೇರೆಯಾಗುತ್ತದೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಹೈರೈಡರ್‌ನ ಪುಟ್ಟ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಆಮೇಲೆ ಭಾರವೆಲ್ಲ ಎಂಜಿನ್ನಿನ ಮೇಲೆ. ಮೂರು ಸಿಲಿಂಡರಿನ ಸದ್ದು ಒಳಗೂ ಕೇಳುತ್ತದೆ, ಸದ್ದು ಏರಿದಷ್ಟು ವೇಗ ಏರುವುದಿಲ್ಲ. ಐದು ಜನ, ಲಗೇಜು ತುಂಬಿಕೊಂಡು ಆಗಾಗ ಮಲೆನಾಡಿಗೆ ಹೋಗುವವರು ಇದನ್ನು ಪರೀಕ್ಷಾ ಸವಾರಿಯಲ್ಲೇ ಒಂದು ಏರಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಕ್ರೆಟಾ ಎಲೆಕ್ಟ್ರಿಕ್ ಅದೇ ಏರನ್ನು ಸದ್ದಿಲ್ಲದೆ ಹತ್ತುತ್ತದೆ. ಹತ್ತುವಾಗ ಚಾರ್ಜಿನ ಅಂಕಿ ಸರಸರ ಇಳಿಯುವುದು ಕಂಡು ಗಾಬರಿಯಾಗುವುದುಂಟು, ಆದರೆ ಇಳಿಜಾರಿನಲ್ಲಿ ಅದರಲ್ಲೊಂದು ಭಾಗ ಮರಳಿ ಬರುತ್ತದೆ. ಹೈಬ್ರಿಡ್ ಕೂಡ ಇಳಿಯುವಾಗ ಮರಳಿ ಪಡೆಯುತ್ತದೆ, ಆದರೆ ಅದರ ಬ್ಯಾಟರಿ ಎರಡು ಮೂರು ತಿರುವಿನಲ್ಲೇ ತುಂಬಿಹೋಗುವುದರಿಂದ ಉಳಿದದ್ದು ವ್ಯರ್ಥ. ಆಗ ಎಂಜಿನ್ ಬ್ರೇಕಿನ ಸ್ಥಾನಕ್ಕೆ ಗಿಯರ್ ಹಾಕಿ ಇಳಿಸಬೇಕು. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದಂಥ ಎತ್ತರದ ಊರಿನ ವಿದ್ಯುತ್ ಕಾರಿನ ಮಾಲೀಕರು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ: ಬೆಟ್ಟ ಇಳಿಯುವ ಮುನ್ನ ಬ್ಯಾಟರಿಯನ್ನು ಪೂರ್ತಿ ನೂರಕ್ಕೆ ತುಂಬಿಸಬಾರದು. ತುಂಬಿದ ಬ್ಯಾಟರಿಯಲ್ಲಿ ಮರಳಿ ಬರುವ ವಿದ್ಯುತ್ತಿಗೆ ಜಾಗವಿಲ್ಲದೆ ಭಾರವೆಲ್ಲ ಸಾಮಾನ್ಯ ಬ್ರೇಕುಗಳ ಮೇಲೆ ಬೀಳುತ್ತದೆ.

ಬ್ಯಾಟರಿ ಕೆಟ್ಟರೆ ಗತಿಯೇನು ಎಂಬ ಭಯ ಎಲ್ಲರಿಗೂ ಇದೆ. ಎರಡೂ ಕಂಪನಿಗಳು ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ಯಾವುದು ಮೊದಲೋ ಅದು. ಆದರೆ ಆ ಅವಧಿಯ ಆಚೆಗಿನ ಅಪಾಯ ಸಮನಲ್ಲ. 0.76 ಯೂನಿಟ್ಟಿನ ಬ್ಯಾಟರಿಯನ್ನು ಬದಲಿಸುವ ಖರ್ಚಿಗೂ 51.4 ಯೂನಿಟ್ಟಿನದಕ್ಕೂ ಹೋಲಿಕೆಯೇ ಇಲ್ಲ. ದೊಡ್ಡ ಬ್ಯಾಟರಿ ಇದ್ದಕ್ಕಿದ್ದಂತೆ ಸಾಯುವುದಿಲ್ಲ, ವರ್ಷ ಕಳೆದಂತೆ ಅದರ ಹಿಡಿತ ಮೆಲ್ಲಗೆ ತಗ್ಗುತ್ತದೆ. ಶಾಖ ಅದರ ಮುಖ್ಯ ಶತ್ರು. ಕ್ರೆಟಾದ ಬ್ಯಾಟರಿಗೆ ದ್ರವದಿಂದ ತಣಿಸುವ ವ್ಯವಸ್ಥೆಯಿದೆ. ಆದರೂ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ದಿನನಿತ್ಯಕ್ಕೆ ಶೇ. 80ರವರೆಗೆ ಮಾತ್ರ ತುಂಬಿಸುವುದು, ವೇಗದ ಚಾರ್ಜರನ್ನು ಪ್ರಯಾಣಕ್ಕೆ ಮೀಸಲಿಡುವುದು ಆಯುಷ್ಯ ಹೆಚ್ಚಿಸುತ್ತವೆ. ಹೈಬ್ರಿಡ್ಡಿನ ಬ್ಯಾಟರಿ ಗಾಳಿಯಿಂದ ತಣಿಯುವಂಥದ್ದು; ಅದರ ಗಾಳಿಕಿಂಡಿಗೆ ಬ್ಯಾಗು, ಬಟ್ಟೆ ಅಡ್ಡವಾಗದಂತೆ ನೋಡಿಕೊಂಡರೆ ಬೇರೆ ಆರೈಕೆ ಬೇಡ. ಸರ್ವಿಸಿನ ವಿಷಯದಲ್ಲಿ ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಹೈಬ್ರಿಡ್ಡಿಗೆ ಎಲ್ಲವೂ ಉಂಟು. ವಿದ್ಯುತ್ ಕಾರು ಭಾರವಾಗಿರುವುದರಿಂದ ಟಯರುಗಳು ಮಾತ್ರ ಬೇಗ ಸವೆಯುತ್ತವೆ.

ಒಳಗಿನ ಜಾಗದಲ್ಲಿ ಕ್ರೆಟಾ ಎಲೆಕ್ಟ್ರಿಕ್‌ನದೇ ಮೇಲುಗೈ. ಅದರ ಡಿಕ್ಕಿ 433 ಲೀಟರ್, ಜೊತೆಗೆ ಮುಂಭಾಗದ ಬಾನೆಟ್ಟಿನಡಿ 22 ಲೀಟರಿನ ಪುಟ್ಟ ಪೆಟ್ಟಿಗೆ. ಹೈರೈಡರ್ ಹೈಬ್ರಿಡ್ಡಿನಲ್ಲಿ ಬ್ಯಾಟರಿ ಹಿಂಬದಿಯಲ್ಲಿ ಕೂತು ಜಾಗ ನುಂಗಿರುವುದರಿಂದ ಡಿಕ್ಕಿ 260 ಲೀಟರಿನ ಆಸುಪಾಸು. ಎರಡು ದೊಡ್ಡ ಸೂಟ್‌ಕೇಸಿಗೇ ಇಕ್ಕಟ್ಟು. ಮದುವೆಮುಂಜಿಗೆ ಊರಿಗೆ ಹೋಗುವ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ. ಕ್ರೆಟಾದಲ್ಲಿ ನೆಲದಡಿಯ ಬ್ಯಾಟರಿಯಿಂದಾಗಿ ಹಿಂದಿನ ಸೀಟಿನಲ್ಲಿ ಕೂತವರ ಮೊಣಕಾಲು ತುಸು ಮೇಲೇಳುತ್ತದೆ, ತೊಡೆಗೆ ಆಧಾರ ಕಡಿಮೆ. ಎತ್ತರದವರು ದೂರ ಪ್ರಯಾಣಕ್ಕೆ ಮುನ್ನ ಕೂತು ನೋಡಬೇಕು. ಮುಂದಿನ ವಾಹನ ಕಂಡು ತಾನೇ ಬ್ರೇಕ್ ಹಾಕುವಂಥ ಚಾಲಕ ನೆರವಿನ ಸೌಲಭ್ಯಗಳು ಕ್ರೆಟಾದ ಮೇಲ್ದರ್ಜೆಯ ಮಾದರಿಗಳಲ್ಲಿವೆ; 2022ರ ಹೈರೈಡರ್ ಅವಿಲ್ಲದೇ ಬಂದಿತ್ತು.

ಪರಿಸರದ ಲೆಕ್ಕ ಹಾಕಿದಾಗ ಸಿಗುವ ಉತ್ತರ ಹಲವರಿಗೆ ಅನಿರೀಕ್ಷಿತ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, 21 ಕಿ.ಮೀ. ಓಡುವ ಹೈಬ್ರಿಡ್ಡಿಗೆ ಅದು ಕಿಲೋಮೀಟರಿಗೆ 110 ಗ್ರಾಂ. ದೇಶದ ವಿದ್ಯುತ್ ಜಾಲದಲ್ಲಿ ಈಗಲೂ ಕಲ್ಲಿದ್ದಲಿನದೇ ದೊಡ್ಡ ಪಾಲು; ಸರಾಸರಿ ಒಂದು ಯೂನಿಟ್ ಉತ್ಪಾದನೆಗೆ ಸುಮಾರು 0.7 ಕೆ.ಜಿ. ಹೊರಬೀಳುತ್ತದೆ. ಆ ಲೆಕ್ಕದಲ್ಲಿ ಕ್ರೆಟಾ ಎಲೆಕ್ಟ್ರಿಕ್‌ನ ಪಾಲು ಕಿಲೋಮೀಟರಿಗೆ 115 ಗ್ರಾಂ. ಪೆಟ್ರೋಲನ್ನು ಶುದ್ಧೀಕರಿಸಿ ಬಂಕಿಗೆ ಸಾಗಿಸುವ ಹೊರೆಯನ್ನೂ ವಿದ್ಯುತ್ ತಂತಿಯಲ್ಲಿ ಸೋರುವ ನಷ್ಟವನ್ನೂ ಸೇರಿಸಿದರೂ ಎರಡೂ ಹೆಚ್ಚುಕಡಿಮೆ ಸಮವೇ. ವ್ಯತ್ಯಾಸ ಮೂಡುವುದು ಎರಡು ಕಡೆ. ವಿದ್ಯುತ್ ಕಾರಿನ ಹೊಗೆ ಜನವಸತಿಯ ರಸ್ತೆಯಲ್ಲಿ ಬೀಳುವುದಿಲ್ಲ; ಶಾಲೆಯ ಗೇಟಿನ ಮುಂದೆ, ಆಸ್ಪತ್ರೆಯ ಬೀದಿಯಲ್ಲಿ ಇದರ ಬೆಲೆ ದೊಡ್ಡದು. ಎರಡನೆಯದು, ಅದು ಬಳಸುವ ವಿದ್ಯುತ್ ವರ್ಷದಿಂದ ವರ್ಷಕ್ಕೆ ಶುದ್ಧವಾಗಬಲ್ಲದು. ಶರಾವತಿಯ ಜಲವಿದ್ಯುತ್ತು, ಪಾವಗಡದ 2050 ಮೆಗಾವ್ಯಾಟ್ ಸೌರಪಾರ್ಕು, ಚಿತ್ರದುರ್ಗದ ಗಾಳಿಯಂತ್ರಗಳು ಇರುವ ರಾಜ್ಯದಲ್ಲಿ ಈ ಮಾತಿಗೆ ಬಲವಿದೆ. ಮನೆಯ ಮೇಲೆ ಮೂರು ಕಿಲೋವ್ಯಾಟಿನ ಸೌರಫಲಕ ಹಾಕಿಸಿದರೆ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ ಸಿಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಬ್ಸಿಡಿಯೂ ಇದೆ. ದಿನಕ್ಕೆ 40 ಕಿ.ಮೀ. ಓಡುವ ಕಾರಿಗೆ ಬೇಕಾದದ್ದು ಏಳು ಯೂನಿಟ್ಟಿಗೂ ಕಡಿಮೆ. ಸ್ವಂತ ಮನೆ, ಸ್ವಂತ ಮಾಳಿಗೆ ಇರುವ ಜಿಲ್ಲಾ ಕೇಂದ್ರಗಳ ಮತ್ತು ಹಳ್ಳಿಗಳ ಕುಟುಂಬಗಳಿಗೆ ಈ ಜೋಡಿ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗಿಂತ ಚೆನ್ನಾಗಿ ಒಗ್ಗುತ್ತದೆ. ವಿದ್ಯುತ್ ಕಾರು ಮಹಾನಗರದವರ ವಸ್ತು ಎಂಬ ನಂಬಿಕೆಯನ್ನು ಬಿಡಬೇಕಾದ ಕಾಲ ಬಂದಿದೆ.

ಇವೆರಡೇ ಕಾರುಗಳು ಮಾರುಕಟ್ಟೆಯಲ್ಲಿಲ್ಲ. ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಹೈರೈಡರ್‌ನ ಅವಳಿ. 2025ರಲ್ಲಿ ಬಂದ ವಿಕ್ಟೋರಿಸ್‌ನಲ್ಲೂ ಇದೇ ಹೈಬ್ರಿಡ್ ಯಂತ್ರವಿದೆ. ವಿದ್ಯುತ್ ಬಣದಲ್ಲಿ ಟಾಟಾ ಕರ್ವ್, ಮಹೀಂದ್ರಾ ಬಿಇ 6, ಎಂಜಿ ವಿಂಡ್ಸರ್ ಮುಂತಾದವಿವೆ. ಅವುಗಳ ನಡುವೆ ಆರಿಸುವಾಗಲೂ ಮೇಲಿನ ಲೆಕ್ಕಗಳೇ ಅನ್ವಯಿಸುತ್ತವೆ, ಅಂಕಿಗಳಷ್ಟೇ ಬದಲಾಗುತ್ತವೆ.

ಸ್ವಂತ ಪ್ಲಗ್ ಇದ್ದು ತಿಂಗಳಿಗೆ ಸಾವಿರ ಕಿ.ಮೀ. ಮೀರಿ, ಬಹುಪಾಲು ಪೇಟೆಯ ಸುತ್ತಲೇ ಓಡುವವರಿಗೆ ಕ್ರೆಟಾ ಎಲೆಕ್ಟ್ರಿಕ್ ನಿಸ್ಸಂದೇಹವಾಗಿ ಸರಿಯಾದ ಆಯ್ಕೆ. ಪ್ಲಗ್ ಇಲ್ಲದವರಿಗೆ, ಅಥವಾ ಮನೆಯ ಏಕೈಕ ಕಾರಿನಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಉತ್ತರ ಕರ್ನಾಟಕದ ಊರಿಗೆ ಹೊರಡಬೇಕಾದವರಿಗೆ ಹೈರೈಡರ್ ಹೈಬ್ರಿಡ್ಡೇ ನೆಮ್ಮದಿ. ಇನ್ನು ಮೂರನೆಯ ಗುಂಪೊಂದಿದೆ, ಅದು ಸಣ್ಣದೂ ಅಲ್ಲ: ವಾರಕ್ಕೊಮ್ಮೆ ದೇವಸ್ಥಾನ, ತಿಂಗಳಿಗೊಮ್ಮೆ ನೆಂಟರ ಮನೆ, ಒಟ್ಟು 500 ಕಿಲೋಮೀಟರಿನೊಳಗೆ ಓಡಾಟ ಮುಗಿಸುವವರು. ಹೈರೈಡರ್‌ನ ಸಾಮಾನ್ಯ ಪೆಟ್ರೋಲ್ ಮಾದರಿ ಪೇಟೆಯಲ್ಲಿ 13 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಎಂಟು ರೂಪಾಯಿ. ಹೈಬ್ರಿಡ್ ಕೊಂಡರೆ ಉಳಿಯುವುದು ಮೂರು ರೂಪಾಯಿ. ಹೈಬ್ರಿಡ್ಡಿಗೆಂದು ಹೆಚ್ಚಿಗೆ ಕೊಟ್ಟ ಹಣ ಎರಡೂವರೆ ಲಕ್ಷವಾದರೆ ಅದು ಮರಳಿ ಬರಲು 83 ಸಾವಿರ ಕಿ.ಮೀ. ಓಡಬೇಕು, ಈ ವೇಗದಲ್ಲಿ ಸುಮಾರು ಹದಿನಾಲ್ಕು ವರ್ಷ. ಇವರಿಗೆ ಹಣದ ಲೆಕ್ಕದಲ್ಲಿ ಎರಡೂ ಕಾರುಗಳು ಬೇಡ. ಸಾಮಾನ್ಯ ಪೆಟ್ರೋಲ್ ಕಾರನ್ನೇ ಕೊಂಡು ಉಳಿದ ಹಣವನ್ನು ಮನೆಯ ಮಾಳಿಗೆಯ ಸೌರಫಲಕಕ್ಕೆ ಹಾಕಿದರೆ ವಿದ್ಯುತ್ ಬಿಲ್ಲೂ ಇಳಿಯುತ್ತದೆ, ಮುಂದಿನ ಕಾರು ಕೊಳ್ಳುವ ಹೊತ್ತಿಗೆ ಅದಕ್ಕೆ ಬೇಕಾದ ವಿದ್ಯುತ್ತೂ ಮನೆಯಲ್ಲೇ ಸಿದ್ಧವಾಗಿರುತ್ತದೆ.